ಹಗೇವಿಗೆ ಮೊದಲು ಇಳಿಯುವವನು

ಜೋಳ ತುಂಬಿಡುವ ನೆಲದಡಿಯ ಹಗೇವಿನ ಬಾಯಿಕಲ್ಲು ಸರಿಸಿದ ಮೇಲೆ ಅದರೊಳಗೆ ಮೊದಲು ಇಳಿಯುವವನು ಮನೆಯ ಯಜಮಾನ. ಮೊದಲ ಬುಟ್ಟಿ ಜೋಳ ಅವನ ಕೈಯಿಂದಲೇ ಮೇಲೆ ಬರಬೇಕು, ಆಮೇಲೆ ಬೇಕಾದರೆ ಯಾರಾದರೂ ಇಳಿಯಲಿ. ನವಲಗುಂದದಿಂದ ಎರಡು ಹರದಾರಿ ದೂರದ ಆ ಊರಿನಲ್ಲಿ ಈ ಪದ್ಧತಿಯನ್ನು ಯಾರೂ ಮುರಿದಿರಲಿಲ್ಲ. ಈರಬಸಪ್ಪನ ಅಪ್ಪ ಅರವತ್ತನೆಯ ವಯಸ್ಸಿನಲ್ಲೂ ಧೋತರ ಎತ್ತಿ ಕಟ್ಟಿ, ಹಗೇವಿನ ಇಕ್ಕಟ್ಟಾದ ಕುತ್ತಿಗೆಯಲ್ಲಿ ಹಾವಿನಂತೆ ಜಾರಿ ಇಳಿಯುತ್ತಿದ್ದ. ಅವನು ಮಾಘದಲ್ಲಿ ತೀರಿಕೊಂಡ. ಈಗ ಶ್ರಾವಣ. ಯಜಮಾನಿಕೆ ಈರಬಸಪ್ಪನ ತಲೆಯ ಮೇಲೆ ಬಂದು ಆರು ತಿಂಗಳಾಗಿತ್ತು. ಅವನಿಗೆ ಇಪ್ಪತ್ತಾರು ವರ್ಷ.

ಆರು ತಿಂಗಳಲ್ಲಿ ಅವನು ಎಲ್ಲವನ್ನೂ ಮಾಡಿದ್ದ. ತಾಲೂಕು ಕಚೇರಿಗೆ ಅಲೆದು ಹೊಲವನ್ನು ತನ್ನ ಮತ್ತು ತಮ್ಮನ ಹೆಸರಿಗೆ ಹಚ್ಚಿಸಿದ್ದ. ಎತ್ತು ಮಾರಿ ಎತ್ತು ತಂದಿದ್ದ. ತಮ್ಮ ಕುಬೇರಪ್ಪ ಗರಡಿಮನೆ ಸೇರಿ ಹೊಲದ ಕಡೆ ಮುಖ ಹಾಕದಿದ್ದರೂ ಸಹಿಸಿಕೊಂಡಿದ್ದ. ಆದರೆ ಹಗೇವು ಮಾತ್ರ ಅವನ ಕೈಲಾಗದ ಕೆಲಸ. ಇದು ಅಪ್ಪನಿಗೆ ಗೊತ್ತಿತ್ತು, ಮತ್ತೆ ಯಾರಿಗೂ ಗೊತ್ತಿರಲಿಲ್ಲ. ಹತ್ತು ವರ್ಷದವನಿದ್ದಾಗ ಅಪ್ಪ ಅವನನ್ನು ಒಮ್ಮೆ ಇಳಿಸಿದ್ದ. ಕುತ್ತಿಗೆಯ ನಡುವೆ ಹೆಗಲು ಸಿಕ್ಕಿಕೊಂಡು, ಮೇಲೂ ಇಲ್ಲ ಕೆಳಗೂ ಇಲ್ಲ ಎಂಬಂತಾಗಿ, ಉಸಿರು ನಿಂತು, ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡಿದ್ದ. ಅಪ್ಪ ರಟ್ಟೆ ಹಿಡಿದು ಎಳೆದು, ಯಾರಿಗೂ ಹೇಳದೆ ಬಾವಿಗೆ ಕರೆದುಕೊಂಡು ಹೋಗಿ ತೊಳೆದಿದ್ದ. ಮುಂದೆ ಎಂದೂ ಇಳಿ ಎನ್ನಲಿಲ್ಲ. ಈಗ ಅಪ್ಪನೂ ಇಲ್ಲ. ಗುಟ್ಟು ಈರಬಸಪ್ಪನೊಬ್ಬನ ಹೊಟ್ಟೆಯಲ್ಲೇ ಉಳಿದಿತ್ತು.

ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ ಕೂಲಿಯೆಂದು ಜೋಳ ಅಳೆದುಕೊಡಬೇಕಿತ್ತು. ಮನೆಯೊಳಗಿನ ಜೋಳ ಮುಗಿದಿತ್ತು. ಊರಿನ ಹಗೇವುಗಳನ್ನೆಲ್ಲ ತೆಗೆಯುತ್ತಿದ್ದ ಮಶಾಕಸಾಬ ಮಗಳ ಹೆರಿಗೆಯೆಂದು ಅಣ್ಣಿಗೇರಿಗೆ ಹೋಗಿದ್ದ. ನಾಲ್ಕು ದಿನ ತಡೆದರೆ ಬರುತ್ತಿದ್ದ. ಹಗೇವಿನ ಕಾವು, ಅಂದರೆ ಒಳಗೆ ಕಟ್ಟಿಕೊಂಡ ವಿಷಗಾಳಿ, ಹೋಯಿತೋ ಇಲ್ಲವೋ ಎಂಬುದನ್ನು ಅವನು ಬಾಯಿಯ ಹತ್ತಿರ ಮೂಗು ಒಯ್ದೇ ಹೇಳುತ್ತಿದ್ದ.

"ಮಶಾಕಣ್ಣ ಬರ್ಲಿ," ಎಂದು ಹೆಂಡತಿ ನೀಲಕ್ಕ ಹೇಳಿದ್ದಳು. "ಅಲ್ಲೀತನಕ ಒಂದು ಚೀಲ ಬಾಜೂ ಮನಿಯಾಗ ಇಸಗೊಂಡ್ರಾತು."

"ಅಪ್ಪ ಸತ್ತ ವರ್ಷನ ಮನಿಗೆ ಜೋಳ ಕಡಾ ತಂದ್ರು ಅನಸಬೇಕೇನು?" ಎಂದು ಈರಬಸಪ್ಪ ಅವಳ ಬಾಯಿ ಮುಚ್ಚಿಸಿದ್ದ. 'ನನಗ ಇಳ್ಯಾಕ ಆಗೂದಿಲ್ಲ' ಎಂಬ ಒಂದು ಮಾತು ಹೇಳಿದ್ದರೆ ಅವಳು ಸುಮ್ಮನೆ ತಲೆಯಾಡಿಸಿ ಚೀಲ ಹಿಡಿದು ಹೋಗುತ್ತಿದ್ದಳು. ಆ ಮಾತು ನಾಲಿಗೆಯ ತನಕ ಬಂದು ಒಳಗೆ ಹೋಯಿತು.

ಹಿಂದಿನ ದಿನ ಮಧ್ಯಾಹ್ನ ಅಣ್ಣತಮ್ಮಂದಿರಿಬ್ಬರೂ ಕೂಡಿ ಬಾಯಿಕಲ್ಲು ತೆಗೆದು, ಕಾವು ಹೋಗಲೆಂದು ತೆರೆದಿಟ್ಟರು. ಸಂಜೆ ಜಿಟಿಜಿಟಿ ಮಳೆ ಹಿಡಿಯಿತು. ಈರಬಸಪ್ಪ ಓಡಿಹೋಗಿ ಕಲ್ಲು ಎಳೆದು, ಸುತ್ತ ಹಸಿಮಣ್ಣು ಮೆತ್ತಿ ಬಂದ. ನೀರು ಇಳಿದರೆ ಜೋಳ ಮುಗ್ಗುತ್ತದೆ. ಬೆಳಗ್ಗೆ ರೊಟ್ಟಿ ತಿಂದು ಹೋಗಿ ಕಲ್ಲು ತೆಗೆದ. 'ನಿನ್ನೆ ಮಧ್ಯಾಹ್ನದಿಂದ ತೆರೆದದ್ದು' ಎಂದು ಎಲ್ಲರೂ ಲೆಕ್ಕ ಹಿಡಿದರು. ರಾತ್ರಿಯೆಲ್ಲ ಮುಚ್ಚಿತ್ತು ಎಂಬುದನ್ನು ಮುಚ್ಚಿದವನೇ ಮರೆತಿದ್ದ. ಅವನ ತಲೆಯಲ್ಲಿ ಆ ಕತ್ತಲ ಕುತ್ತಿಗೆಯ ಹೊರತು ಬೇರೇನೂ ಇರಲಿಲ್ಲ.

ಹಗೇವು ಊರ ಹೆಬ್ಬಾಗಿಲು, ಅಗಸಿಯ ಹತ್ತಿರದ ಬಯಲಿನಲ್ಲಿತ್ತು. ಎರಡಾಳು ಆಳ, ಒಳಗೆ ಗುಡಾಣದಂತೆ ಅಗಲ, ಮೇಲೆ ಒಬ್ಬ ಮನುಷ್ಯ ಕಷ್ಟಪಟ್ಟು ತೂರುವಷ್ಟು ಬಾಯಿ. ಗೋಡೆಗೆ ಕಾಲಿಡುವ ಕುಣಿಗಳು. ಅವ್ವ ಅನ್ನವ್ವ ಕಾಯಿ, ಊದಿನಕಡ್ಡಿ ತಂದಿದ್ದಳು, ನೀಲಕ್ಕ ಚೀಲ ಮತ್ತು ನೀರಿನ ಕೊಡ ತಂದಿದ್ದಳು. ಪಕ್ಕದ ಮನೆಯ ಅಮೋಘಸಿದ್ದಪ್ಪ ಕಾಕಾ ಕಂಬಳಿ ಹೊದ್ದು ಕಲ್ಲಿನ ಮೇಲೆ ಕುಳಿತಿದ್ದ. ಕುಬೇರಪ್ಪನ ಗರಡಿಮನೆಯ ಜೋಡಿ ಸಿರಾಜುದ್ದೀನ ಬುಟ್ಟಿ ಎಳೆಯಲು ಬಂದಿದ್ದ.

ಕಾಯಿ ಒಡೆದಾಯಿತು. ಈಗ ಕಂದೀಲು ಬಿಟ್ಟು ನೋಡಬೇಕು. ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಜೋಳ ಮುಟ್ಟುವ ತನಕ ಇಳಿಸಿ, ಅದು ಆರದಿದ್ದರೆ ಮನುಷ್ಯ ಇಳಿಯಬಹುದು. ಈರಬಸಪ್ಪ ಹಗ್ಗ ಹಿಡಿದು ಬಾಯಿಯ ಹತ್ತಿರ ಹೋದ. ಬಗ್ಗಿ ನೋಡಲಾಗಲಿಲ್ಲ. ಮುಖ ಆಚೆ ತಿರುಗಿಸಿಕೊಂಡೇ ಎರಡು ಮೊಳ ಬಿಟ್ಟ, ಮೂರು ಮೊಳ ಬಿಟ್ಟ. ಅಷ್ಟಕ್ಕೇ ಸರಸರ ಎಳೆದುಕೊಂಡ.

"ಉರೀತೈತಿ," ಎಂದ.

"ಉರೀಲಾರದ ಏನು ಮಾಡತೈತಿ," ಎಂದ ಕಾಕಾ. "ಇಳೀರಿ ಯಜಮಾನ್ರ. ಏನು, ಪಂಚಾಂಗ ತರಸಬೇಕೇನು?"

ಈರಬಸಪ್ಪ ಅಂಗಿ ಕಳಚಿದ. ಮಡಚಿದ. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದ. ಹಗ್ಗ ಹಳತಾಗಿದೆ, ಬೇರೆ ತರಬೇಕು ಎಂದ. ಅಂಗೈ ಬೆವರಿದ್ದು ಯಾರಿಗೂ ಕಾಣದಿರಲೆಂದು ಧೋತರಕ್ಕೆ ಒರೆಸಿದ.

ಕುಬೇರಪ್ಪ ನಕ್ಕ. ಹತ್ತೊಂಬತ್ತರ ಹುಡುಗ, ತೊಡೆ ತಟ್ಟಿದರೆ ಇಡೀ ಊರಿಗೆ ಕೇಳಬೇಕು, ಅಂಥ ಮೈ.

"ಸರಿ ಅಣ್ಣಾ, ನಿನ್ನ ಅಂಗೀ ಮಡಿಕಿ ಮುಗಿಯೂದ್ರಾಗ ಸುಗ್ಗಿ ಬರತೈತಿ. ನಾ ಇಳೀತೀನಿ."

"ಲೇ ಕುಬೇರಾ, ಹಿರ್ಯಾ ನಿಂತಿರೂಮುಂದ ನೀ ಇಳೀಬಾರ್ದೋ," ಎಂದಳು ಅನ್ನವ್ವ.

"ಹಿರ್ಯಾ ಮುಂದಿನ ವರ್ಷ ಇಳೀತಾನ ಬಿಡಬೇ."

"ಸೊಂಟಕ್ಕ ಹಗ್ಗಾರ ಕಟಗೋ," ಎಂದ ಈರಬಸಪ್ಪ.

"ನಾ ಏನು ಬಾವಿಗೆ ಬಿಡೂ ಕೊಡೇನೋ ಅಣ್ಣಾ?"

ಸಿರಾಜುದ್ದೀನ ನಕ್ಕ. ಕಾಕಾನೂ ನಕ್ಕ. ತಡೆಯಬೇಕಾದವನು ಈರಬಸಪ್ಪ. ತಡೆಯಲಿಲ್ಲ. ತಮ್ಮನ ತಲೆ ನೆಲದೊಳಗೆ ಇಳಿದು ಮರೆಯಾದಾಗ ಅವನ ಎದೆಯಿಂದ ಒಂದು ಕಲ್ಲು ಇಳಿದಂತಾಗಿ ಹಾಯೆನಿಸಿತು. ಅದು ಎಂಥ ಹಾಯಿ ಎಂಬುದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ.

"ಜೋಳ ಬೆಚ್ಚಗ ಐತ್ಯೋ," ಎಂದು ಕೆಳಗಿನಿಂದ ದನಿ ಬಂತು. "ಘಾಟ ಹೊಡ್ಯಾಕತ್ತೈತಿ. ಬುಟ್ಟಿ ಬಿಡ್ರಿ."

ಸಿರಾಜುದ್ದೀನ ಬುಟ್ಟಿ ಎತ್ತಿಕೊಂಡ.

"ಅಣ್ಣಾ, ನನ್ನ ಕಾಲ..."

ಮುಂದೆ ಮಾತಿಲ್ಲ. ತುಂಬಿದ ಚೀಲವೊಂದು ಹೆಗಲಿನಿಂದ ಜಾರಿ ಬಿದ್ದ ಸಪ್ಪಳ.

"ಕುಬೇರಾ," ಎಂದ ಈರಬಸಪ್ಪ. "ಲೇ ಕುಬೇರಾ. ಚಾಷ್ಟಿ ಮಾಡಬ್ಯಾಡೋ."

ಈಗ ಬಗ್ಗಿ ನೋಡಿದ. ಕೆಳಗೆ ಕತ್ತಲಲ್ಲಿ ಬನಿಯನ್ನಿನ ಬಿಳುಪು ಮಾತ್ರ ಕಂಡಿತು. ಅದು ಅಲುಗಾಡುತ್ತಿರಲಿಲ್ಲ.

ಅನ್ನವ್ವ ಬಾಯಿ ಬಡಿದುಕೊಂಡಳು. "ಇಳಿಯೋ ಈರ್ಯಾ! ನಿನ್ನ ತಮ್ಮ ಅದಾನೋ ಅಲ್ಲಿ! ಇಳಿಯೋ!"

ಈರಬಸಪ್ಪ ಹಗ್ಗವನ್ನು ತನ್ನ ಸೊಂಟಕ್ಕೆ ಸುತ್ತಿ, ಬಾಯಿಯ ಅಂಚಿನಲ್ಲಿ ಕುಳಿತು, ಎರಡೂ ಕಾಲು ಒಳಗೆ ಇಳಿಬಿಟ್ಟ. ಒಳಗಿನಿಂದ ಬೆಚ್ಚನೆಯ ಹಬೆ ಏರಿ ಬಂದು ಮೊಣಕಾಲಿನ ತನಕ ನೆಕ್ಕಿತು, ಹಸುವಿನ ನಾಲಿಗೆಯ ಹಾಗೆ. ಉಸಿರು ಹಿಡಿದು ಇಳಿದುಬಿಡಬೇಕು, ಅಷ್ಟೇ. ಉಸಿರು ಹಿಡಿದ. ಕೂತಲ್ಲೇ ಎಣಿಸಿದ.

ಎಂಟು ಎನ್ನುವಾಗ ಮನಸ್ಸಿನಲ್ಲಿ ಕಾಲು ಜೋಳ ಮುಟ್ಟಿತು. ಹದಿನೈದು ಎನ್ನುವಾಗ ತಮ್ಮನನ್ನು ಹೊರಳಿಸಿ ಕಂಕುಳ ಹುಡುಕುತ್ತಿದ್ದ. ಇಪ್ಪತ್ತು ಎನ್ನುವಾಗ ಹಗ್ಗದ ಗಂಟು ಹಾಕಬೇಕು. ಇಪ್ಪತ್ತಾರಕ್ಕೆ ಎದೆ ಒಡೆದು ಬಾಯಿ ತಾನಾಗಿಯೇ ತೆರೆಯಿತು. ಇನ್ನೂ ಗಂಟು ಬಿದ್ದಿಲ್ಲ. ಕುತ್ತಿಗೆಯಲ್ಲಿ ಇಬ್ಬರು ಒಟ್ಟಿಗೆ ತೂರುವುದಿಲ್ಲ. ಅವನನ್ನು ಎಳೆಯುವ ತನಕ ತಾನು ಕೆಳಗೇ ನಿಂತಿರಬೇಕು, ಆ ಗಾಳಿಯಲ್ಲಿ. ಒಂದು ಹೆಣ ಇದ್ದಲ್ಲಿ ಎರಡಾಗುತ್ತದೆ. ಹಗೇವು ಜೋಡಿ ಕೇಳುತ್ತದೆ ಎಂದು ಮುದುಕಿಯರು ಹೇಳುವುದುಂಟು. ಕೇಳುವುದು ಹಗೇವಲ್ಲ, ಮೇಲೆ ನಿಂತು ಇಳಿ ಇಳಿ ಎನ್ನುವವರು.

ಅವನು ಕಾಲು ಹೊರಗೆ ತೆಗೆದ.

"ನನ್ನ ಕೈಲೆ ಆಗೂದಿಲ್ಲ," ಎಂದ.

ಆರು ತಿಂಗಳಿಂದ ನುಂಗಿದ್ದ ಮಾತು ಅದು. ಈಗ ಹೊರಬಿದ್ದಾಗ ಅನ್ನವ್ವ ಅವನನ್ನು ಹೆತ್ತವಳ ಹಾಗೆ ನೋಡಲಿಲ್ಲ. "ನಿಮ್ಮಪ್ಪ ಇದ್ದಿದ್ರ," ಎಂದಳು. ಮುಂದಿನ ಮಾತು ಅಳುವಿನಲ್ಲಿ ಹೋಯಿತು.

"ಸರೀ ಆಕಡೆ, ನಾ ಇಳೀತೀನಿ," ಎಂದು ಸಿರಾಜುದ್ದೀನ ಬುಟ್ಟಿ ಎಸೆದು ಬಾಯಿಗೆ ಬಂದ. ಈರಬಸಪ್ಪ ಅವನ ಸೊಂಟವನ್ನು ಎರಡೂ ಕೈಯಿಂದ ತಬ್ಬಿ ಹಿಡಿದ. ಪೈಲವಾನ ಕೊಸರಿದ ರಭಸಕ್ಕೆ ಈರಬಸಪ್ಪನ ತುಟಿ ಒಡೆಯಿತು. ಬಿಡಲಿಲ್ಲ.

"ಕಂದೀಲು ನೋಡು! ಮೊದ್ಲ ಕಂದೀಲು ನೋಡಲೇ!"

ಒಂದು ಕೈಯಿಂದ ಅವನ ಲುಂಗಿಯ ಅಂಚು ಹಿಡಿದೇ, ಇನ್ನೊಂದು ಕೈಯಿಂದ ಕಂದೀಲನ್ನು ಒಳಗೆ ಬಿಟ್ಟ. ಮೂರು ಮೊಳ. ಉರಿಯಿತು. ನಾಲ್ಕು ಮೊಳ. ದೀಪ ಸಣ್ಣದಾಯಿತು, ನೀಲಿಯಾಯಿತು. ಐದನೆಯ ಮೊಳಕ್ಕೆ ಯಾರೋ ಬೆರಳಿನಿಂದ ಚಿವುಟಿದ ಹಾಗೆ ಆರಿಹೋಯಿತು. ಸಿರಾಜುದ್ದೀನ ಕೊಸರುವುದನ್ನು ಬಿಟ್ಟ.

"ಅಲ್ಲೋ, ಆಗ ಉರೀತಿತ್ತಲ್ಲೋ," ಎಂದ ಕಾಕಾ. ಅವನ ಮುಖ ಬೂದಿಯಾಗಿತ್ತು.

"ಆಗ ನಾ ಪೂರಾ ಬಿಟ್ಟಿದ್ದಿಲ್ಲ ಕಾಕಾ. ಅಂಜಿದ್ನಿ."

ನಾಚಿಕೆ ಎಂಬುದು ಒಮ್ಮೆ ಎಲ್ಲರ ಮುಂದೆ ಚೆಲ್ಲಿಹೋದ ಮೇಲೆ ಈರಬಸಪ್ಪನಿಗೆ ಕೈಕಾಲುಗಳ ನೆನಪಾಯಿತು. ಅಂಜಿಕೆ ಹೋಗಿರಲಿಲ್ಲ, ಇನ್ನೂ ಹೆಚ್ಚಿತ್ತು. ಆದರೆ ಅದನ್ನು ಮುಚ್ಚಿಡುವ ಕೆಲಸ ತಪ್ಪಿತ್ತು.

"ಸಿರಾಜಾ, ಆ ಬೇವಿನ ಟೊಂಗಿ ಮುರಕೊಂಡು ಬಾ, ಎಲಿ ದಟ್ಟ ಇದ್ದದ್ದು. ಒಳಗ ಬಿಟ್ಟು ಮ್ಯಾಲ ಕೆಳಗ ಆಡಸು, ಗಾಳಿ ಹೋಗ್ಲಿ. ನೀಲಾ, ಕಾಕಾನ ಬಾವಿಗೆ ಓಡು. ಪಾತಾಳಗರಡಿ ತೊಗೊಂಬಾ!"

ಪಾತಾಳಗರಡಿ ಎಂದರೆ ಬಾವಿಗೆ ಬಿದ್ದ ಕೊಡ ತೆಗೆಯುವ ಕಬ್ಬಿಣದ ಕೊಂಡಿಗಳ ಗೊಂಚಲು. ಬಾವಿ ಇಪ್ಪತ್ತು ಹೆಜ್ಜೆ ದೂರ. ನೀಲಕ್ಕ ಸೀರೆ ಎತ್ತಿ ಕಟ್ಟಿ ಓಡಿದಳು.

"ಮನಶ್ಯಾಗ ಗರಡಿ ಹಾಕ್ತೀಯೇನಲೇ?" ಎಂದ ಕಾಕಾ.

"ಟೊಂಗಿ ಹಿಡಿ ಕಾಕಾ. ಮಾತಾಡಬ್ಯಾಡ."

ಟೊಂಗೆ ಇಳಿಯಿತು, ಏರಿತು, ಇಳಿಯಿತು. ಪ್ರತಿ ಸಲ ಏರಿದಾಗಲೂ ಹುಳಿತ ಹಿಟ್ಟಿನಂಥ ಬಿಸಿ ವಾಸನೆ ಮುಖಕ್ಕೆ ಬಡಿಯಿತು. ಅನ್ನವ್ವ ಕೊಡದ ನೀರನ್ನು ಒಳಗೆ ಸುರಿದಳು. ಯಾರೂ ಹೇಳಿರಲಿಲ್ಲ, ಸುಮ್ಮನೆ ಕೂಡಲಾಗದೆ ಸುರಿದಳು. ನೀಲಕ್ಕ ಬಂದಳು. ಗರಡಿಯ ಕೊಂಡಿಗಳ ತುದಿಗಳು ತುಕ್ಕು ಹಿಡಿದು ಕಪ್ಪಾಗಿದ್ದವು. ಈರಬಸಪ್ಪ ಅದನ್ನು ಬನಿಯನ್ನಿನ ಬಿಳುಪಿನ ಕಡೆಗೆ ಬಿಟ್ಟ.

ಮೊದಲ ಸಲ ಬನಿಯನ್ ಹಿಡಿಯಿತು. ಎಳೆದಾಗ ಪರ್ರೆಂದು ಹರಿದು ಬರಿಯ ಬಟ್ಟೆ ಮೇಲೆ ಬಂತು. ಎರಡನೆಯ ಸಲ ಜೋಳದಲ್ಲಿ ಹೂತು ಬರಿದಾಗಿ ಬಂತು. ಮೂರನೆಯ ಸಲ ಏನೋ ಸಿಕ್ಕಿತು, ಭಾರವಾಗಿತ್ತು. ಅವನು ಸ್ವಲ್ಪ ಎಳೆದ. ಕೆಳಗಿನಿಂದ ಒಂದು ನರಳಾಟ ಕೇಳಿತು.

ಬದುಕಿದ್ದಾನೆ.

ಕೊಂಡಿ ಮಾಂಸದಲ್ಲಿದೆ.

ಎರಡೂ ಒಟ್ಟಿಗೇ ತಿಳಿದವು. ಎಳೆದರೆ ಅದು ಇನ್ನೂ ಒಳಗೆ ಹೋಗುತ್ತದೆ. ಸಡಿಲಿಸಿದರೆ ಮತ್ತೆ ಸಿಗುತ್ತದೋ ಇಲ್ಲವೋ. ಈರಬಸಪ್ಪನ ಬಾಯಿಯಿಂದ ತಾನು ಎಂದೂ ಕೇಳದ ಒಂದು ದನಿ ಹೊರಟಿತು.

"ಎಳೀರಿ!"

"ಹರೀತೈತ್ಯೋ, ಮೈ ಹರೀತೈತ್ಯೋ," ಎಂದು ಕಾಕಾ ಅಳುತ್ತಲೇ ಹಗ್ಗ ಹಿಡಿದ.

"ಹರೀಲಿ. ಎಳೀರಿ!"

ಮೂವರೂ ಎಳೆದರು. ಹಗ್ಗ ಮೊಳ ಮೊಳ ಬಂತು. ಹಗೇವಿನ ಕುತ್ತಿಗೆಯ ಹತ್ತಿರ ಬಂದಾಗ ನಿಂತಿತು. ಕುಬೇರಪ್ಪನ ಹೆಗಲು ಅಡ್ಡವಾಗಿ ಸಿಕ್ಕಿಕೊಂಡಿತ್ತು. ಎಷ್ಟು ಎಳೆದರೂ ಬರಲಿಲ್ಲ. ಯಾರಾದರೂ ಕೈ ಇಳಿಸಿ ಹೆಗಲು ತಿರುಗಿಸಬೇಕಿತ್ತು.

ಸೊಂಟದ ತನಕ ಇಳಿದರೆ ಕೈ ತಾಗುತ್ತಿತ್ತು. ಇಪ್ಪತ್ತಾರು ಎಣಿಸುವಷ್ಟು ಉಸಿರು ಅದಕ್ಕೆ ಸಾಕು. ಈರಬಸಪ್ಪ ಹಗ್ಗವನ್ನು ಕಾಕಾನ ಮತ್ತು ನೀಲಕ್ಕನ ಕೈಗೆ ಕೊಟ್ಟ. "ಸಿರಾಜಾ, ನನ್ನ ಕಾಲು ಹಿಡಿ. ಒಂದರಿಂದ ದೊಡ್ಡ ದನಿಲೆ ಎಣಸು. ಇಪ್ಪತ್ತಕ್ಕ ನಾ ಏನ ಮಾಡಾಕತ್ತಿದ್ರೂ ಎಳದಬಿಡು. ತಿಳೀತೇನು? ನಾ ಬ್ಯಾಡ ಅಂದ್ರೂ ಎಳಿ."

"ಹೂಂ ಅಣ್ಣಾ."

ತಲೆ ಕೆಳಗಾಗಿ ಇಳಿದ. ಎರಡೂ ಬದಿಯ ಮಣ್ಣು ಹೆಗಲಿಗೆ ಒತ್ತಿತು. ಹದಿನಾರು ವರ್ಷ ಕಾದು ಕುಳಿತ ಕತ್ತಲು ಅವನನ್ನು ಗುರುತು ಹಿಡಿದಂತೆ ಮುಖಕ್ಕೆ ಅಂಟಿತು. ಕೂಗಬೇಕೆನಿಸಿತು. ಕೂಗಿದರೆ ಉಸಿರು ಹೋಗುತ್ತದೆ. ಮೇಲಿನಿಂದ ಸಿರಾಜುದ್ದೀನನ ದನಿ, ಆರು, ಏಳು. ಕೈಗೆ ಕೂದಲು ಸಿಕ್ಕಿತು, ಕಿವಿ ಸಿಕ್ಕಿತು, ಬಿಸಿಯಾದ ಜಿಗುಟು ಏನೋ ಸಿಕ್ಕಿತು. ಅದು ರಕ್ತ. ಹನ್ನೊಂದು. ರಟ್ಟೆ ಸಿಕ್ಕಿತು. ಅದನ್ನು ತಲೆಯ ಮೇಲಕ್ಕೆ ತಿರುವಿದ. ಹೆಗಲು ಎಲ್ಲೋ ಲಟಕ್ಕೆಂದಿತು. ಹದಿನಾರು. ತಿರುವಿದ ಕೈಯ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದ. ಇಪ್ಪತ್ತು ಎನ್ನುವ ಮೊದಲೇ ಅವನ ಕಾಲುಗಳನ್ನು ಯಾರೋ ಮುರಿದುಬಿಡುವ ಹಾಗೆ ಎಳೆದರು. ಅವನು ಬಂದ. ಹಿಂದೆಯೇ ಕುಬೇರಪ್ಪನೂ ಬಂದ.

ತುಟಿ ನೇರಳೆ ಹಣ್ಣಿನ ಬಣ್ಣ. ಬಲಗೈಯ ಕಂಕುಳಲ್ಲಿ ಗರಡಿ ನೇತಾಡುತ್ತಿತ್ತು. ಅನ್ನವ್ವ ಮಗನ ಮೇಲೆ ಬಿದ್ದಳು. ಈರಬಸಪ್ಪ ಅವಳನ್ನು ಬಾಜು ನೂಕಿ ಅವನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ಗುದ್ದಿದ. ಎರಡು ಸಲ. ಮೂರು ಸಲ. ಕುಬೇರಪ್ಪ ಬೆಳಗಿನ ರೊಟ್ಟಿಯನ್ನೆಲ್ಲ ವಾಂತಿ ಮಾಡಿಕೊಂಡು, ಸೀಳಿದ ಬಿದಿರಿನಂಥ ದನಿಯಲ್ಲಿ ಉಸಿರೆಳೆದ.

ಚಕ್ಕಡಿ ಕಟ್ಟಿ ನವಲಗುಂದದ ದವಾಖಾನೆಗೆ ಹೊರಟರು. ನೆನೆದ ಕಪ್ಪು ಎರಿ ಮಣ್ಣು ಗಾಲಿಗೆ ಮೆತ್ತಿ ಮೆತ್ತಿ ಎತ್ತುಗಳು ನಿಂತುನಿಂತು ನಡೆದವು. ಕೊಂಡಿಯನ್ನು ದಾರಿಯಲ್ಲಿ ಕೀಳುವ ಧೈರ್ಯ ಯಾರಿಗೂ ಆಗಲಿಲ್ಲ. ಸುತ್ತ ಸೀರೆ ಸುತ್ತಿ ಹಿಡಿದುಕೊಂಡೇ ಒಯ್ದರು. ಅನ್ನವ್ವ ಚಿಕ್ಕ ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಉಸಿರು ಕ್ಷಣ ತಡವಾದರೆ ಸಾಕು, ಎತ್ತು ಹೊಡೆಯುತ್ತಿದ್ದ ಈರಬಸಪ್ಪ ಹಿಂತಿರುಗಿ ನೋಡುತ್ತಿದ್ದ. ಅವಳು ಅವನ ಕಡೆ ಒಮ್ಮೆಯೂ ನೋಡಲಿಲ್ಲ.

ಡಾಕ್ಟರರು ಕೊಂಡಿ ಕೊಯ್ದು ತೆಗೆದು, ಹೊಲಿಗೆ ಹಾಕಿ ಹೊರಗೆ ಬಂದರು. ಜೀವಕ್ಕೆ ಭಯವಿಲ್ಲ ಎಂದರು. ಬಲಗೈಯ ನರ ಹರಿದಿದೆ, ಹೆಗಲಿಗಿಂತ ಮೇಲೆ ಎತ್ತಲಾಗುವುದು ಅನುಮಾನ ಎಂದರು.

"ಈ ಕೊಂಡಿ ಹಾಕಿದಾಂವ ಯಾರು?"

"ನಾನ್ರಿ."

"ಇಳದು ತರಬಾರ್ದಿತ್ತೇನು?"

"ನನ್ನ ಉಸುರು ಸಾಲ್ತಿರಲಿಲ್ರಿ."

ಡಾಕ್ಟರರು ಅವನ ಒಡೆದ ತುಟಿಯನ್ನು, ಮಣ್ಣು ಮೆತ್ತಿದ ಹೆಗಲನ್ನು ನೋಡಿದರು. ಕೈ ತೊಳೆಯಲು ಹೋದರು.

ಹೊತ್ತು ಇಳಿಯುವಾಗ ಕುಬೇರಪ್ಪ ಪೂರಾ ಕಣ್ಣು ತೆರೆದ. ಅರೆ ಎಚ್ಚರದಲ್ಲಿದ್ದಾಗ ಬದಿಗೆ ಕೂತು ಮಾತಾಡಿದ್ದ ಸಿರಾಜುದ್ದೀನ ಎದ್ದು ಹೋಗಿದ್ದ, ಈಗ ಮಂಚದ ಹತ್ತಿರ ಅಣ್ಣ ಒಬ್ಬನೇ ಇದ್ದ. ಕುಬೇರಪ್ಪ ಬಲಗೈ ಎತ್ತಲು ನೋಡಿದ. ಬೆರಳು ಅಲುಗಿದವು, ತೋಳು ಅಲುಗಲಿಲ್ಲ. ಇನ್ನೊಮ್ಮೆ ನೋಡಿದ.

"ಸಿರಾಜ ಎಲ್ಲಾ ಹೇಳಿದಾ," ಎಂದ. ದನಿ ಗೊಗ್ಗರಾಗಿತ್ತು. "ಕಾಲು ಇಟ್ಟು ತಗದೀಯಂತ."

"ಹೌದು."

"ಯಾಕ?"

ಹಗೇವಿನ ಗಾಳಿಯ ಮೇಲೆ ಹಾಕಬಹುದಿತ್ತು. ಎಲ್ಲರೂ ಒಪ್ಪುತ್ತಿದ್ದರು, ಸುಳ್ಳೂ ಆಗುತ್ತಿರಲಿಲ್ಲ.

"ನನಗ ಹಗೇವು ಅಂದ್ರ ಸಣ್ಣಾಂವ ಇದ್ದಾಗಿಂದ ಅಂಜಿಕಿ," ಎಂದ ಈರಬಸಪ್ಪ. "ನನ್ನ ಕೈಲೆ ಆಗೂದಿಲ್ಲಂತ ಇವತ್ತ ಗೊತ್ತಾದದ್ದಲ್ಲ. ನಿನ್ನೀನೂ ಗೊತ್ತಿತ್ತು. ಕಂದೀಲು ಅದಕ್ಕ ಪೂರಾ ಬಿಡಲಿಲ್ಲ. ನಿನ್ನೆ ಬಾಯಿ ಬಿಟ್ಟು ಹೇಳಿದ್ರ ಮಶಾಕಣ್ಣ ಬರೂತನಕ ಕಲ್ಲ ತಗೀತಿರಲಿಲ್ಲ. ಇವತ್ತ ಇಳೀಲಾರದ್ದು ತಪ್ಪಲ್ಲ, ಕುಬೇರಾ. ನಿನ್ನೆ ಸುಮ್ಮನಿದ್ದದ್ದು ತಪ್ಪು."

ಕುಬೇರಪ್ಪ ಮೇಲಿನ ಹಂಚು ನೋಡಿದ. ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಒರೆಸಿಕೊಳ್ಳಲು ಅವನು ಎಡಗೈ ಎತ್ತಲಿಲ್ಲ.

"ನೀರು," ಎಂದ.

ಈರಬಸಪ್ಪ ಲೋಟ ತುಂಬಿ ತುಟಿಯ ಹತ್ತಿರ ಹಿಡಿದ. ಕುಬೇರಪ್ಪ ಮುಖ ಗೋಡೆಗೆ ತಿರುಗಿಸಿದ.

"ಅವ್ವನ್ನ ಕರಿ. ಅಕಿ ಕೊಡ್ಲಿ."

ಈರಬಸಪ್ಪ ಲೋಟವನ್ನು ಸ್ಟೂಲಿನ ಮೇಲೆ ಇಟ್ಟು ಹೊರಗೆ ಹೋದ. ಅನ್ನವ್ವ ಕಟ್ಟೆಯ ಮೇಲೆ ಮೊಣಕಾಲಿನಲ್ಲಿ ಮುಖವಿಟ್ಟು ಕುಳಿತಿದ್ದಳು.

"ಎದ್ದಾನ ಬೇ. ನೀರು ಕೇಳಾಕತ್ತಾನ, ನಿನ್ನ ಕೈಲೆ ಬೇಕಂತ."

ಅವಳು ಎದ್ದು ಒಳಗೆ ನಡೆದಳು. ಅವನು ಬಾಗಿಲಲ್ಲೇ ನಿಂತ. ತಮ್ಮ ಗುಟುಕು ಗುಟುಕಾಗಿ ನೀರು ನುಂಗುವ ಸಪ್ಪಳ, ನಡುನಡುವೆ ಎಳೆಯುವ ಉಸಿರು ಹೊರಗೆ ಕೇಳುತ್ತಿದ್ದವು. ಒಳಗೆ ಕರೆಯುವ ತನಕ ಅಲ್ಲೇ ನಿಲ್ಲುವುದೆಂದು ಅವನು ಗೋಡೆಗೆ ಆತುಕೊಂಡ.